ಇಂದಿನ ತಾರೀಖಿನ ಟಿಪ್ಪಣಿ

"ಮೊದಲು ಆ ಕುರ್ಚಿಯಿಂದ ಏಳಿ!"

ಬಾಗಿಲಲ್ಲೇ ನಿಂತು ಅವಳು ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿತು.

"ಕ್ಷಮಿಸಿ... ಹಳೇ ಫೈಲುಗಳನ್ನ ಹೊಸ ರೂಪಕ್ಕೆ ಬದಲಾಯಿಸೋಕೆ ಯಜಮಾನರು ಕರೆಸಿದ್ದಾರೆ. ಇಲ್ಲೇ ಕೂತ್ಕೊಳ್ಳಿ ಅಂದ್ರು."

"ಅದು ನನ್ನ ಅಕ್ಕನ ಕುರ್ಚಿ."

"ಅವರು ಬಂದ ತಕ್ಷಣ ಎದ್ದುಬಿಡ್ತೀನಿ ರೀ..."

ಪಾಪ, ಅವನಿಗೇನು ಗೊತ್ತು! ಅಕ್ಕ ಕಾಯಿಲೆಯಿಂದ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಆ ಪುಟ್ಟ ಪ್ರಕಾಶನದಲ್ಲಿ ಅಕ್ಕ ಸಂಪಾದಕಿ, ತಂಗಿ ಕರಡು ತಿದ್ದುವವಳು. ಪ್ರತಿ ಫೈಲಿನ ಅಂಚಿನಲ್ಲೂ ಅಕ್ಕ ತಂಗಿಗೆ ಟಿಪ್ಪಣಿ ಬರೆಯುತ್ತಿದ್ದಳು. 'ಮುಂಗೋಪೀ, ಈ ವಾಕ್ಯ ಓದಿದರೆ ಉಸಿರು ಕಟ್ಟುತ್ತೆ, ಎರಡು ಮಾಡೇ.'

ಈಗಲೂ ತಂಗಿ ದಿನಾ ಬೆಳಿಗ್ಗೆ ಹಳೆಯ ಕಂಪ್ಯೂಟರಿನಲ್ಲಿ ಒಂದು ಫೈಲು ತೆರೆದು ಅವನ್ನೇ ಓದುತ್ತಿದ್ದಳು. ಆಗೆಲ್ಲ ಬೆನ್ನ ಹಿಂದೆ ಅಕ್ಕ ನಿಂತಿದ್ದಾಳೆ ಅನ್ನಿಸುತ್ತಿತ್ತು. ತಿರುಗಿ ನೋಡಲು ಹೆದರಿಕೆ... ತಿರುಗಿದರೆ ಯಾರೂ ಇರುವುದಿಲ್ಲವಲ್ಲ!

ಆ ಕಂಪ್ಯೂಟರೂ ಇಂದೋ ನಾಳೆಯೋ ಎನ್ನುತ್ತಿತ್ತು.

"ಟಿಪ್ಪಣಿ ಒಂದೂ ಹೋಗಬಾರದು. ಅಕ್ಕಂದು ಅಂತ ನನಗೆ ಉಳಿದಿರೋದು ಅಷ್ಟೇ," ಎಂದಳು.

"ಒಂದೂ ಹೋಗಲ್ಲ," ಎಂದ ಅವನು, ಬೇರೆ ಕುರ್ಚಿ ಎಳೆದುಕೊಂಡು.

ಫೈಲುಗಳನ್ನು ತೆರೆದು ತೋರಿಸುವ, ರೂಪ ಬದಲಿಸುವ ಕೋಡನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಾರೆ. ಅವನ ಕಸುಬಿನವರು ಅದನ್ನು ಲೈಬ್ರರಿ ಎನ್ನುತ್ತಾರೆ. ಅದನ್ನು ಬಳಸಿ ಅವನು ಪ್ರೋಗ್ರಾಂ ಬರೆದ. ಮುನ್ನೂರ ಹನ್ನೆರಡು ಫೈಲುಗಳನ್ನು ಒಂದೊಂದಾಗಿ ತೆರೆದು ಕಣ್ಣಾರೆ ನೋಡಿದ. ಮಧ್ಯಾಹ್ನವಾದರೆ ಸಾಕು, ಅವಳ ಮೇಜಿನ ಮುಂದೆ ಹಾಜರ್.

"ಊಟಕ್ಕೆ ಬರ್ತೀರಾ?"

"ಹಸಿವಿಲ್ಲ."

ಹಸಿವಿತ್ತು. ಸುಳ್ಳಿ! ಅವನು ಕರೆಯುವ ಹೊತ್ತಿಗೆ ಸರಿಯಾಗಿ ಕೂದಲು ಸರಿಮಾಡಿಕೊಳ್ಳುತ್ತಿದ್ದುದೂ ಅವಳೇ.

ಎಂಟನೆಯ ದಿನ ಬೆಳಿಗ್ಗೆ ಅವನು ಎಲ್ಲ ಫೈಲುಗಳನ್ನೂ ಒಟ್ಟಿಗೆ ಬದಲಿಸಿ ಮುಗಿಸಿದ. ಅವಳು ಅಕ್ಕ ತಿದ್ದಿದ ಕೊನೆಯ ಪುಸ್ತಕವನ್ನು ತೆರೆದಳು. ಅಂಚಿನಲ್ಲಿ, ಹಿಂದೆಂದೂ ನೋಡಿರದ ಒಂದು ಟಿಪ್ಪಣಿ!

'ಮುಂಗೋಪೀ, ನಾನಿಲ್ಲ ಅಂತ ಊಟ ಬಿಟ್ಟು ಕೂರಬೇಡ. ಯಾರಾದರೂ ಅಕ್ಕರೆಯಿಂದ ಕರೆದರೆ ಎದ್ದು ಹೋಗೇ.'

ಕೆಳಗೆ ಅಕ್ಕನ ಹೆಸರು. ತಾರೀಖು... ಇಂದು, ಬೆಳಿಗ್ಗೆ ಹತ್ತೂ ಇಪ್ಪತ್ತು!

ಮೈ ಜುಮ್ಮೆಂದಿತು. ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು. 'ಅಕ್ಕಾ... ನೀನಾ?'

ಆಮೇಲೆ ಅವನ ಮುಖ ಕಣ್ಣಿಗೆ ಬಿತ್ತು. ದಿನಾ ಊಟಕ್ಕೆ ಕರೆಯುವವನು ಯಾರು? ಅವಳ ರಕ್ತ ಕುದಿಯಿತು.

"ನಾಚಿಕೆ ಆಗಲ್ವಾ ನಿಮಗೆ? ಸತ್ತವರ ಹೆಸರಲ್ಲಿ ಬರೆಯೋಕೆ! ಅಕ್ಕನ ಮಾತಿನ ವರಸೆ ಕಲಿಯೋಕೆ ಮುನ್ನೂರು ಫೈಲು ಸಿಕ್ಕಿತ್ತಲ್ಲ!"

ಅವನ ಮುಖ ಬಿಳುಪೇರಿತು. ಹಳೆಯ ಕಂಪ್ಯೂಟರಿನಲ್ಲಿದ್ದ ಮೂಲ ಫೈಲನ್ನು ತನ್ನ ಪ್ರೋಗ್ರಾಮಿನಲ್ಲಿ ತೆರೆದು ತೋರಿಸಿದ. ಅದೇ ಟಿಪ್ಪಣಿ. ತಾರೀಖು ಮಾತ್ರ ಕಳೆದ ವರ್ಷದ್ದು.

"ಬರೆದ ಮೇಲೆ ಅವರು 'ಮುಗಿದಿದೆ' ಅಂತ ಗುರುತು ಹಾಕಿದ್ದಾರೆ. ಹಾಗೆ ಮಾಡಿದ್ದನ್ನ ಹಳೇ ತಂತ್ರಾಂಶ ಮರೆಮಾಡುತ್ತೆ. ನನ್ನ ಪ್ರೋಗ್ರಾಂ ಎಲ್ಲಾನೂ ಹೊರಗೆ ತಂದಿದೆ. ಆದ್ರೆ ಹಳೇ ತಾರೀಖನ್ನ ಲೈಬ್ರರಿಗೆ ಕೊಡೋದು ನಾನು ಮರೆತೆ. ಕೊಡದಿದ್ರೆ ಅದು ಬದಲಾಯಿಸಿದ ದಿನದ್ದೇ ಹಾಕಿಬಿಡುತ್ತೆ. ತಪ್ಪು ನನ್ನದು."

ಅವಳು ತಾರೀಖನ್ನೇ ನೋಡಿದಳು. ಅಕ್ಕ ಆಸ್ಪತ್ರೆಗೆ ಸೇರುವ ಹಿಂದಿನ ದಿನ!

"ಅವಳಿಗೆ ಗೊತ್ತಿತ್ತು... ಬರೆದು, ನಾನು ಅಳಬಾರದು ಅಂತ ಮುಚ್ಚಿಟ್ಟಳು..."

ಹನ್ನೊಂದು ತಿಂಗಳು ತಡೆದಿಟ್ಟ ಅಳು ಒಮ್ಮೆಲೇ ಬಂತು. ಅವನು ನೀರಿನ ಲೋಟ ತಂದು ಅವಳ ಮುಂದಿಟ್ಟ.

"ತಾರೀಖು ಸರಿ ಮಾಡ್ತೀನಿ," ಎಂದ ಮೆಲ್ಲಗೆ. "ಬೇಡ ಅಂದ್ರೆ ಹೀಗೇ ಬಿಡ್ತೀನಿ. ಅವರು ಇವತ್ತೇ ಬರೆದ ಹಾಗೆ..."

ಎಂಥ ಆಸೆ! ಒಂದು ಕ್ಷಣ ಅವಳ ಮನಸ್ಸು ಹೂಂ ಎಂದೇಬಿಟ್ಟಿತ್ತು. ಆಮೇಲೆ ಅವಳು ಮೊದಲ ಬಾರಿಗೆ ತಿರುಗಿ ನೋಡಿದಳು. ಬರೀ ಗೋಡೆ.

"ಸರಿ ಮಾಡಿ. ಅವಳು ಬರೆದ ದಿನಾನೇ ಇರಲಿ."

ಅವನು ಎರಡು ಸಾಲು ಸೇರಿಸಿ ಪ್ರೋಗ್ರಾಂ ಮತ್ತೆ ಓಡಿಸಿದ. ಮಧ್ಯಾಹ್ನದ ಹೊತ್ತಿಗೆ ತಾರೀಖುಗಳೆಲ್ಲ ಹಿಂದಕ್ಕೆ ಹೋದವು.

"ನಿಮ್ಮನ್ನ ಸುಮ್ಮನೆ ಅನುಮಾನಿಸಿದೆ..."

"ಪೂರ್ತಿ ಸುಮ್ಮನೆ ಅಲ್ಲ. ದಿನಾ ಕರೆದದ್ದು ಬರೀ ಊಟಕ್ಕಲ್ಲ ರೀ. ನೀವಂದ್ರೆ ನನಗೆ ತುಂಬಾ ಇಷ್ಟ."

ಅವಳು ಅಕ್ಕನ ಕುರ್ಚಿ ಎಳೆದು, ಅದರಲ್ಲಿ ತಾನೇ ಕೂತಳು. ಅಕ್ಕನ ಟಿಪ್ಪಣಿಯ ಕೆಳಗೆ ಬೆರಳುಗಳು ಓಡಿದವು.

'ಅಕ್ಕಾ, ಒಬ್ಬರು ಕರೆದಿದ್ದಾರೆ. ಹೋಗ್ತಿದ್ದೀನಿ.'

ಕೆಳಗೆ ಇಂದಿನ ತಾರೀಖು ಮೂಡಿತು.

"ಇದನ್ನೂ ಸರಿ ಮಾಡಬೇಕಾ?" ಅವನು ಕೇಳಿದ.

"ಬೇಡ... ಇದು ಇವತ್ತಿನದೇ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ಏಳಿ, ತುಂಬಾ ಹಸಿವಾಗಿದೆ."