ನಿನ್ನೆಯ ನೀರು

ಕರ್ಕಾಟಕ ಅಮಾವಾಸ್ಯೆಯ ಬೆಳಿಗ್ಗೆ. ರಾತ್ರಿಯಿಡೀ ಹೊಯ್ದ ಮಳೆ ತುಸು ಬಿಟ್ಟು ಹೊಳವಾಗಿತ್ತು. ಕೇದಗೆಕೋಡಿಯ ಕಡಲ ತಡೆಗೋಡೆಯ ಮೇಲೆ ಇಬ್ಬರು ಕೆಲಸಗಾರರು ಪಚ್ಚಿಲೆ ಹಗ್ಗಗಳನ್ನು ಎಳೆದು, ಪಾಚಿ ಕೆರೆದು, ಮತ್ತೆ ನೀರಿಗೆ ಬಿಡುತ್ತಿದ್ದರು. ಕಂಬದ ದೀಪ ಹಳದಿಯಲ್ಲಿತ್ತು. ಅದು ಹಸಿರಾಗುವುದನ್ನೇ ಕಾಯುತ್ತ ಸಮುದ್ರಸ್ನಾನಕ್ಕೆ ಬಂದವರು ಒಣಬಟ್ಟೆಯ ಚೀಲ ಹಿಡಿದು ಮರಳಿನಲ್ಲಿ ನಿಂತಿದ್ದರು.

ಹಗ್ಗ ಕಡಲಜೀವಿಗಳ ವಿಜ್ಞಾನಿ ಡಾ. ಪ್ರಾಪ್ತಿಯದು. ಪಚ್ಚಿಲೆಯೆಂದರೆ ಬಂಡೆಗಂಟಿ ಬದುಕುವ, ಈ ಕಡೆಯವರು ಸಾರು ಮಾಡಿ ತಿನ್ನುವ ಚಿಪ್ಪುಜೀವಿ. ಮನುಷ್ಯರ ಕರುಳಿನ ರೋಗಾಣು ಸೋಕಿದೊಡನೆ ಬಾಯಿ ಮುಚ್ಚುವ ತಳಿಯೊಂದನ್ನು ಅವಳು ಬೆಳೆಸಿದ್ದಳು. ಚಿಪ್ಪಿಗೆ ಅಂಟಿಸಿದ ಅಕ್ಕಿಕಾಳಿನಷ್ಟು ಯಂತ್ರ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಎಂದು ದೀಪಕ್ಕೆ ತಿಳಿಸುತ್ತಿತ್ತು. ಮೊದಲೆಲ್ಲ ಬಾಟಲಿಯಲ್ಲಿ ನೀರು ಒಯ್ದು, ರೋಗಾಣು ಬೆಳೆಯುವವರೆಗೆ ಒಂದು ದಿನ ಕಾಯಬೇಕಿತ್ತು. ಹಾಗಾಗಿ ದಂಡೆಯ ಬೋರ್ಡು ಹೇಳುತ್ತಿದ್ದುದು ಯಾವತ್ತೂ ನಿನ್ನೆಯ ನೀರಿನ ಸುದ್ದಿ.

ಮರಳಿನಲ್ಲಿ ಕಾಯುತ್ತಿದ್ದವರಲ್ಲಿ ಮುದುಕಿ ಬೇಬಕ್ಕನೂ ಇದ್ದಳು; ಹಿಂದೊಮ್ಮೆ ಆ ಬೋರ್ಡನ್ನು ನಂಬಿಯೇ ಅವಳ ಗಂಡ ಶೀನ ಮಿಂದದ್ದು. ದೋಣಿ ದಾರಿ ತಪ್ಪಿ ಕಡಲಲ್ಲಿ ಕಳೆದುಹೋದವನು ಜೀವಸಹಿತ ಬಂದುದಕ್ಕೆ ಇಬ್ಬರೂ ಈ ಅಮಾವಾಸ್ಯೆಯಲ್ಲಿ ಮೀಯುವ ಹರಕೆ ಹೇಳಿಕೊಂಡಿದ್ದರು. ಒಬ್ಬರು ಮೀಯುವಾಗ ಇನ್ನೊಬ್ಬರು ಬಟ್ಟೆ ಕಾಯಬೇಕಷ್ಟೆ. ಅವನು ಮಿಂದು ಮೇಲೆ ಬರುವಷ್ಟರಲ್ಲಿ ಯಾರೋ ಬಂದು ಬೋರ್ಡು ತಿರುಗಿಸಿ ಕೆಂಪು ಮಾಡಿದರು. "ನಂದ್ ತೀರ್ತ್. ನಿಂದ್ ಬಾಕಿ," ಎಂದು ಅವನು ತಲೆ ಒರೆಸಿಕೊಳ್ಳುತ್ತ ನಕ್ಕಿದ್ದ. ಆ ವಾರವೇ ಜ್ವರ ಬಂತು, ಮತ್ತೆ ಏಳಲಿಲ್ಲ. ಅಂದಿನಿಂದ ಪ್ರತಿ ವರ್ಷ ಈ ಅಮಾವಾಸ್ಯೆಗೆ ಮಳೆ, ಮಳೆಗೆ ಪೇಟೆಯ ಕೊಳಚೆ ಉಕ್ಕಿ ಸಮುದ್ರಕ್ಕೆ, ದಂಡೆ ಬಂದ್.

"ಎಂತ ಹೆಣ್ಣೇ, ನಿನ್ನ್ ಪಚ್ಚಿಲಿಗೆ ಇನ್ನೂ ಬೆಳ್ಗ್ ಆಯ್ಲಿಲ್ಯಾ?" ಬೇಬಕ್ಕ ಕೇಳಿದಳು.

"ಮುಕ್ಕಾಲು ಪಾಲು ಬಾಯಿ ಬಿಟ್ಟಿವೆ ಅಜ್ಜಿ. ಇನ್ನು ಸ್ವಲ್ಪ ಹೊತ್ತು."

"ಸಾರಿಗ್ ಹಾಕಿರೆ ಚಣದಂಗೆ ಬಾಯ್ ಬಿಡ್ತೋ!"

ಪ್ರಾಪ್ತಿ ನಗುತ್ತಿರುವಾಗಲೇ ಫೋನು ಬಂತು. ಪೇಟೆಯ ಕೊಳಚೆ ಟ್ಯಾಂಕಿನ ಇಂಜಿನಿಯರ್. ಸ್ನಾನದ ದಿನ ಟ್ಯಾಂಕಿನ ಬಾಗಿಲು ತೆಗೆದು ಕೊಳಚೆಯನ್ನು ಸಮುದ್ರಕ್ಕೆ ಬಿಡಲು ಅವಳ ಒಪ್ಪಿಗೆ ಬೇಕಿತ್ತು.

"ಮೇಡಂ, ಟ್ಯಾಂಕ್ ತುಂಬಿ ಹೋಯ್ತು. ಕೆಳಕೇರಿಯ ಮನೆಗಳಲ್ಲಿ ಪಾಯಿಖಾನೆಯಿಂದ ನೀರು ವಾಪಸ್ ಬರ್ತಾ ಉಂಟು."

"ಅರ್ಧ ಗಂಟೆ ತಡೆಯೋಕಾಗಲ್ವ? ಇಲ್ಲಿ ಇನ್ನೇನು ಹಸಿರು ಬರುತ್ತೆ."

"ತಡೀಬಹುದು. ನೀವು ಹೇಳಿದ್ರೆ."

ಪ್ರಾಪ್ತಿ ಬೇಬಕ್ಕನ ಕಡೆ ನೋಡಿದಳು. ಮುದುಕಿಗೆ ಎಲ್ಲವೂ ಕೇಳಿಸಿತ್ತು. ಅವಳು ದೀಪವನ್ನು ನೋಡಿದಳು, ಆಮೇಲೆ ನೀರನ್ನು. ಶೀನ ಮುಳುಗಿ ಎದ್ದ ಜಾಗದಲ್ಲಿ ಅಲೆ ಒಡೆಯುತ್ತಿತ್ತು. ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಕೆಳಕೇರಿಯಂಗೆ ರತ್ನಿ ಮಗ್ಳ್ ಹೆತ್ತ್ ಮಲ್ಕಂಡಿತ್," ಎಂದಳು ಕೊನೆಗೆ. "ಬಾಳಂತಿ ಮನಿ ಒಳ್ಗೆ ಆ ನೀರ್ ಹೊಗುಕಾಗ. ಬಿಡುಕ್ ಹೇಳ್."

"ಅಜ್ಜಿ..."

"ಹೇಳ್ ಮರಾಯ್ತಿ!"

ಪ್ರಾಪ್ತಿ ಹೇಳಿದಳು. ಸ್ವಲ್ಪ ಹೊತ್ತಿಗೆ ನೀರಿನೊಳಗೆ ಪಚ್ಚಿಲೆಗಳು ಬಾಯಿ ಮುಚ್ಚತೊಡಗಿದವು. ದೀಪ ಕೆಂಪಾಯಿತು. ಜನ ಗೊಣಗುತ್ತ ಚದುರಿದರು. ಸಮುದ್ರ ಮಾತ್ರ ಮೊದಲು ಹೇಗಿತ್ತೋ ಹಾಗೇ ಇತ್ತು: ಅದೇ ನೊರೆ, ಅದೇ ಬೂದು ಬಣ್ಣ. ದೀಪವಿಲ್ಲದಿದ್ದರೆ ಎಲ್ಲರೂ ಇಳಿದುಬಿಡುತ್ತಿದ್ದರು.

"ಹಳೆ ಬೋರ್ಡೇ ಇದ್ದಿರೆ ನಾ ಇಷ್ಟೊತ್ತಿಗೆ ಮಿಂದಾತಿತ್," ಎಂದಳು ಬೇಬಕ್ಕ. ಅದರಲ್ಲಿ ದೂರು ಇರಲಿಲ್ಲ, ಆಸೆ ಇತ್ತು.

"ಎರಡನೇ ಟ್ಯಾಂಕ್ ಒಂದಿದ್ದಿದ್ರೆ ಸಾಕಿತ್ತು," ಎಂದಳು ಪ್ರಾಪ್ತಿ.

"ನಾ ಮದಿ ಆಯಿ ಈ ಊರಿಗ್ ಬಪ್ಪತ್ತಿಗೇ ಅದ್ಕೆ ಜಾಗ ತೋರ್ಸಿ ಕಲ್ಲ್ ಹುಗ್ದಿದ್ರ್. ವಾಸ್ನಿ ಬತ್ತ್, ಬ್ಯಾಡ ಅಂತ್ ಊರ್. ಪೇಟಿಯರೂ ಸುಮ್ನಾರ್." ಅವಳು ಚೀಲವನ್ನು ಕಂಕುಳಿಗೆ ಸೇರಿಸಿದಳು. "ಆಗ ಸಮುದ್ರ ಭಾರೀ ದೊಡ್ಡದಿತ್ತ್ ಕಾಣ್. ಎಷ್ಟ್ ಬಿಟ್ರೂ ಹಿಡಿತ್ ಅಂದೇಳಿ ಎಲ್ಲರಿಗೂ ಧೈರ್ಯ."

ಮಳೆ ಮತ್ತೆ ಹನಿಯತೊಡಗಿತು. ಒಣಸೀರೆ ನೆನೆಯದ ಹಾಗೆ ಸೆರಗು ಮುಚ್ಚಿಕೊಂಡು ಅವಳು ದಿಬ್ಬ ಹತ್ತಿದಳು. ಮೇಲೆ ಒಮ್ಮೆ ನಿಂತು, ಅಲೆ ಒಡೆಯುತ್ತಿದ್ದ ಕಡೆಗೆ ತಿರುಗಿ, "ನಂದ್ ಇನ್ನೂ ಬಾಕಿಯೇ, ಹೊಯ್," ಎಂದು ಕೂಗಿ ಹೇಳಿದಳು.