ಎರವಲು ಮೆಲುಕು

“ನುಂಗೇ ನನ್ನವ್ವ, ಒಂದ್ ಚೂರು ನುಂಗು,” ಎನ್ನುತ್ತ ಚಿಕ್ಕಮಾದಮ್ಮಜ್ಜಿ ಬೆಳ್ಳಿಯ ಬಾಯೊಳಗೆ ಎರಡು ಬೆರಳು ಇಳಿಸಿದಳು.

ಬೆರಳ ತುದಿಯಲ್ಲಿ ಹಸಿರು ಮುದ್ದೆಯೊಂದಿತ್ತು. ಅದು ಪುಟ್ಟಿ ಎಂಬ ಇನ್ನೊಂದು ಕುರಿಯ ಮೆಲುಕು. ಪುಟ್ಟಿ ಕಣ್ಣು ಅರೆಮುಚ್ಚಿ ಮೆಲುಕಾಡುತ್ತ ನಿಂತಿದ್ದಾಗ ಅಜ್ಜಿ ಅದರ ಬಾಯಿ ಬಿಡಿಸಿ ಎತ್ತಿಕೊಂಡಿದ್ದಳು.

ಬೆಳ್ಳಿ ಹೇಗೋ ನುಂಗಿತು. ನುಂಗಿ ಮತ್ತೆ ತಲೆ ಜೋತುಹಾಕಿತು.

“ಬೆಳಗಿಂದ ಇದು ಎರಡ್ನೇ ಸಲ. ನಾಟ್ತಾನೇ ಇಲ್ಲ ಕಣ್ ಮಗ,” ಎಂದಳು ಅಜ್ಜಿ.

ಬೆಳ್ಳಿಯ ಕತ್ತು ಹಿಡಿದು ಕೂತಿದ್ದವಳು ಮೊಮ್ಮಗಳು ಗಗನ. ಅವಳಿಗೆ ಹತ್ತು ವರ್ಷ, ಐದನೇ ಕ್ಲಾಸು. ಭಾನುವಾರವಾದರೂ ಆಟಕ್ಕೆ ಹೋಗಿರಲಿಲ್ಲ.

ಅಜ್ಜಿ ಕೋಳಿ ಕೂಗುವ ಮೊದಲೇ ಎದ್ದವಳು ಇನ್ನೂ ಒಂದು ತೊಟ್ಟು ಕಾಫಿ ಕುಡಿದಿರಲಿಲ್ಲ. ಕಿರುಗಾವಲಿನ ಸುತ್ತ ಯಾರ ಮನೆಯ ಹಸುವೋ ಕುರಿಯೋ ಮೆಲುಕು ಬಿಟ್ಟರೆ ಜನ ಇವಳನ್ನೇ ಕರೆಯುತ್ತಿದ್ದರು. ಹಿಂದೆಲ್ಲ ಬನ್ನೂರು ಕಡೆಯಿಂದಲೂ ಸೈಕಲ್ ತುಳಿದುಕೊಂಡು ಬಂದು, ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಚೆನ್ನಾಗಿರುವ ಪ್ರಾಣಿಯ ಬಾಯಿಂದ ಮೆಲುಕು ಎತ್ತಿ, ಕಾಯಿಲೆಯ ಪ್ರಾಣಿಗೆ ಕೊಡುವುದೇ ಅವಳ ಮದ್ದು. ಕೊಟ್ಟದ್ದು ನಾಟದೆ ಹೋದದ್ದು ಕಡಿಮೆ.

ಅಜ್ಜಿ ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು.

“ಕೈಗುಣ ಓಯ್ತು ಅಂತ ಕಾಣ್ತದೆ. ಇಷ್ಟ್ ವರ್ಸ ಇತ್ತಲ್ಲ, ಸಾಕು ಬುಡು.”

ಬೆಳ್ಳಿ ಯಾಕೆ ಹೀಗಾಯಿತು ಎಂಬುದರ ಬಗ್ಗೆ ಗಗನಳಿಗೆ ಒಂದು ಅನುಮಾನವಿತ್ತು.

ಪ್ರತಿ ತಿಂಗಳು ಮಂಡ್ಯದಿಂದ ಆಂಡಾಳ್ ಮೇಡಂ ಜೀಪಿನಲ್ಲಿ ಬರುತ್ತಿದ್ದರು. ಅವರು ದನದ ಡಾಕ್ಟರೂ ಹೌದು, ವಿಜ್ಞಾನಿಯೂ ಹೌದು. ಈ ಸೀಮೆಯ ಬಂಡೂರು ತಳಿಯ ಕುರಿಗಳ ಹೊಟ್ಟೆಯೊಳಗಿನ ರಸ ತೆಗೆದುಕೊಂಡು ಹೋಗಿ ಲ್ಯಾಬಿನಲ್ಲಿ ನೋಡುತ್ತಿದ್ದರು. ಬಂದಾಗಲೆಲ್ಲ ಕುರಿಗಳ ತೂಕವನ್ನೂ ಹಾಕುತ್ತಿದ್ದರು. ಹೋದ ತಿಂಗಳು ಬೆಳ್ಳಿಯ ತೂಕ ಗಗನಳ ಕ್ಲಾಸಿನ ಶಾಲಿನಿಯ ಮನೆ ಕುರಿಗಿಂತ ಎರಡು ಕೆಜಿ ಕಡಿಮೆ ಬಂದಿತ್ತು.

“ಏನೇ, ನಿಮ್ ಕುರಿಗೆ ಬರೀ ಗಾಳಿ ಕುಡಿಸ್ತೀರಾ?” ಎಂದು ಶಾಲಿನಿ ಕ್ಲಾಸಿನಲ್ಲಿ ಕೇಳಿದ್ದಳು. ಎಲ್ಲರೂ ನಕ್ಕಿದ್ದರು.

ನಿನ್ನೆ ಶನಿವಾರ. ಜ್ವರ ಹರಡಿ ಅರ್ಧ ಸ್ಕೂಲೇ ಬಂದಿರಲಿಲ್ಲ. ಬಿಸಿಯೂಟದ ಅನ್ನ ಮಿಕ್ಕಿತ್ತು. ಅಡುಗೆಯ ವೀಣಕ್ಕ ಅದನ್ನು ಗುಂಡಿಗೆ ಸುರಿಯಲು ಹೊರಟಿದ್ದಳು.

“ಅಕ್ಕ, ನಮ್ ಕುರಿಗೆ ಕೊಡಕ್ಕ.”

“ತಗೊಂಡ್ ಓಗವ್ವ, ನಂಗೂ ಗುಂಡಿಗೆ ಸುರಿಯೋದು ತಪ್ತದೆ.”

ಅರ್ಧ ಬಕೆಟ್ ಅನ್ನ. ಬೆಳ್ಳಿ ತಲೆ ಎತ್ತದೆ ತಿಂದಿತ್ತು. ನಾಳೆ ಮೇಡಂ ಹಾಕೋ ತೂಕದಲ್ಲಿ ನಾವೇ ಫಸ್ಟ್ ಎಂದುಕೊಂಡು ಗಗನ ಬಕೆಟ್ ತೊಳೆದು ಮೊಳೆಗೆ ನೇತುಹಾಕಿದ್ದಳು.

ಇವತ್ತು ಹನ್ನೊಂದು ಗಂಟೆಗೆ ಜೀಪು ಬಂತು. ಮೊದಲು ಇಳಿದವನು ಸಂಪತ್ ಕುಮಾರ. ಮೇಡಂ ಹತ್ತಿರ ಓದುತ್ತಿರುವ ಹುಡುಗ. ಬಗಲಲ್ಲಿ ಐಸ್ ಡಬ್ಬ.

“ಬೆಳಿಗ್ಗೆಯಿಂದ ಇದು ಮೂರನೇ ಊರು ಅಜ್ಜಿ. ಡಬ್ಬದಲ್ಲಿ ಐಸ್ ಕರಗ್ತಾ ಇದೆ, ಹೊರಗೆ ನಾನು ಕರಗ್ತಾ ಇದೀನಿ.”

“ಕರಗ್ದೆ ಇನ್ನೇನಪ್ಪ, ಬಾನುವಾರಾನೂ ಬುಡದಂಗೆ ಸುತ್ತುದ್ರೆ? ನೆಳ್ಳಲ್ಲಿ ಕೂತ್ಕೊ.”

ಮೇಡಂ ಇಳಿದವರೇ ಬೆಳ್ಳಿಯನ್ನು ನೋಡಿ ನಿಂತರು. ಬ್ಯಾಗನ್ನು ನೆಲಕ್ಕಿಟ್ಟು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಅವರ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿತ್ತು.

“ಯಾವಾಗಿನಿಂದ ಹೀಗೆ?”

“ಬೆಳಗಿಂದ ಕಣವ್ವ. ಮೆಲುಕಿಲ್ಲ, ತೇಗಿಲ್ಲ.”

“ನಿನ್ನೆ ಏನು ತಿಂದಿದೆ?”

“ಉಲ್ಲು. ರೇಷ್ಮೆ ಸೊಪ್ಪಿನ ಕಡ್ಡಿ. ದಿನಾ ತಿನ್ನೋದೇಯ.” ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. “ನೀನೇನಾರ ಆಕಿದ್ದಾ ಮಗ?”

“ಇಲ್ಲ,” ಎಂದಳು ಗಗನ.

ಸಂಪತ್ ಪುಸ್ತಕದಲ್ಲಿ ಬರೆದುಕೊಂಡ: ಹುಲ್ಲು, ಸೊಪ್ಪು.

ಮೇಡಂ ಬೆಳ್ಳಿಯ ಹೊಟ್ಟೆ ಒತ್ತಿ ನೋಡಿದರು, ಕಿವಿಗೊಟ್ಟು ಕೇಳಿದರು. “ಬರೀ ಹುಲ್ಲು ತಿಂದು ಹೀಗಾಗಲ್ಲವಲ್ಲ. ಬೇರೆ ಏನೋ ಕಾಯಿಲೆ ಇರಬೇಕು. ನೀವೇನಾದರೂ ಕೊಟ್ಟಿರಾ ಅಜ್ಜಿ?”

“ಪುಟ್ಟಿ ಬಾಯಿಂದ ಮೆಲುಕು ಎತ್ತಿ ಕೊಟ್ಟೆ. ಎರಡ್ ಸಲ.”

ಮೇಡಂ ತಲೆ ಎತ್ತಿದರು. “ನಿಮಗೆ ಇದು ಯಾರು ಹೇಳಿಕೊಟ್ಟರು?”

“ನಮ್ಮತ್ತೆ. ಅವ್ರಿಗೆ ಅವ್ರತ್ತೆ.”

“ನಾವೂ ಇದನ್ನೇ ಪೈಪು ಹಾಕಿ ಮಾಡ್ತೀವಿ ಅಜ್ಜಿ! ಕುರಿ ಹೊಟ್ಟೇಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವಿಗಳಿವೆ, ಕೋಟಿಗಟ್ಟಲೆ. ಹುಲ್ಲನ್ನ ಕರಗಿಸೋದು ಕುರಿ ಅಲ್ಲ, ಅವು. ಅವು ಸತ್ತುಹೋದರೆ ಕುರಿ ಹೊಟ್ಟೆ ತುಂಬ ತಿಂದರೂ ಉಪವಾಸವೇ. ನೀವು ಮೆಲುಕಿನ ಜೊತೆಗೆ ಕೊಡ್ತಿದ್ದದ್ದು ಅವನ್ನೇ.”

“ಅಂಗಾರೆ ಬಾಡಿಗೆಗವ್ರೆ ಅನ್ನಿ ಒಳಗೆ.”

“ಬಾಡಿಗೆ ಬದಲು ಕೆಲಸ ಮಾಡ್ತಾರೆ,” ಎಂದ ಸಂಪತ್. “ನಮ್ಮ ಥರ ರಜೆ ಇಲ್ಲ.”

ಅಜ್ಜಿ ನಕ್ಕಳು. ನಗು ಬಹಳ ಹೊತ್ತು ನಿಲ್ಲಲಿಲ್ಲ. “ಮತ್ತೆ ಈವತ್ತು ಯಾಕ್ ನಾಟ್ಲಿಲ್ಲ ಮೇಡಮ್ಮ?”

“ಅದೇ ನನಗೂ ಗೊತ್ತಾಗ್ತಿಲ್ಲ.”

“ನಂಗೊತ್ತು ಬುಡವ್ವ. ವಯಸ್ಸಾಯ್ತು, ಕೈ ಸತ್ತೋಯ್ತು. ಇನ್ ಯಾರಾನ ಕರುದ್ರೆ ನಾನು ಓಗಲ್ಲ.”

ಅಜ್ಜಿ ಕೈಗಳನ್ನು ಸೆರಗಿನಲ್ಲಿ ಒರೆಸಿ, ಸೆರಗಿನೊಳಗೇ ಮುಚ್ಚಿಕೊಂಡಳು. ಮೇಡಂ ಬ್ಯಾಗಿನಿಂದ ಇಂಜೆಕ್ಷನ್ ಸೂಜಿ ತೆಗೆದರು.

“ಅನ್ನ ಆಕ್ದೆ,” ಎಂದಳು ಗಗನ.

ಯಾರಿಗೂ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಜೋರಾಗಿ ಹೇಳಿದಳು. “ನಾನೇ ಅನ್ನ ಆಕ್ದೆ ಅಜ್ಜಿ. ಅರ್ಧ ಬಕೆಟ್ಟು. ತೂಕ ಜಾಸ್ತಿ ಬರ್ಲಿ ಅಂತ. ನಿನ್ ಕೈ ಏನೂ ಆಗಿಲ್ಲ.”

ಸಂಪತ್‌ನ ಪೆನ್ನು ನಿಂತಿತು. ಅಜ್ಜಿ ಬೈಯಲಿಲ್ಲ. ನಿಂತಿದ್ದವಳು ಮೆಲ್ಲಗೆ ನೆಲಕ್ಕೆ ಕೂತಳು, ಅಷ್ಟೆ.

ಮೇಡಂ ಸೂಜಿ ಒಳಗಿಟ್ಟರು. ಸಣ್ಣ ಪೈಪು ಇಳಿಸಿ ಬೆಳ್ಳಿಯ ಹೊಟ್ಟೆಯಿಂದ ಒಂದಿಷ್ಟು ರಸ ಎಳೆದರು. ಹುಳಿ ಎಷ್ಟಿದೆಯೆಂದು ತೋರಿಸುವ ಕಾಗದದ ಪಟ್ಟಿ ಅದ್ದಿದರು. ಪಟ್ಟಿಯ ಬಣ್ಣ ತಿರುಗಿತು. ಮೂಗು ಹತ್ತಿರ ಒಯ್ದರೆ ಹುಳಿ ನಾತ.

“ಅನ್ನ ಸಿಕ್ಕಿದ್ದೇ ತಡ, ಅನ್ನ ತಿನ್ನೋ ಜೀವಿಗಳು ಒಂದಕ್ಕೆ ನೂರಾಗಿವೆ. ಹೊಟ್ಟೆಯೆಲ್ಲ ಹುಳಿ ಮಾಡಿಬಿಟ್ಟಿವೆ. ಹುಲ್ಲು ಕರಗಿಸೋವು ಸತ್ತಿವೆ. ಅಜ್ಜಿ, ನೀವು ಕೊಟ್ಟವೂ ಆ ಹುಳಿಗೇ ಬಿದ್ದು ಸತ್ತವು. ಮೊದಲು ಹುಳಿ ತೆಗೀಬೇಕು. ಅಡುಗೆ ಸೋಡಾ ಇದೆಯಾ?”

ಮನೆಯಲ್ಲಿ ಇರಲಿಲ್ಲ. ಗಗನ ಮುದ್ದಯ್ಯನ ಅಂಗಡಿಗೆ ಓಡಿದಳು. ಚಪ್ಪಲಿ ಮೆಟ್ಟುವುದನ್ನೂ ಮರೆತಿದ್ದಳು. ಸೋಡಾ ನೀರಿನಲ್ಲಿ ಕದಡಿ ಬೆಳ್ಳಿಗೆ ಕುಡಿಸಿದರು. ಕಾದರು. ಬಿಸಿಲು ಚಪ್ಪರದ ಒಳಗೂ ಬಂತು. ಸಂಪತ್ ಗೋಡೆಗೊರಗಿ ಕೂತಲ್ಲೇ ತೂಕಡಿಸಿದ. ಮತ್ತೆ ರಸ ಎಳೆದು ಹೊಸ ಪಟ್ಟಿ ಅದ್ದಿದಾಗ ಬಣ್ಣ ಸರಿ ಬಂದ ಮೇಲೆ ಮೇಡಂ ಪುಟ್ಟಿಯ ಹೊಟ್ಟೆಯ ರಸ ಪೈಪಿನಲ್ಲಿ ತೆಗೆದು ಬೆಳ್ಳಿಗೆ ಇಳಿಸಿದರು. ಪುಟ್ಟಿಯ ಬಾಯಿ ಹಿಡಿದದ್ದು ಅಜ್ಜಿ.

“ಬದುಕ್ತದಾ?” ಎಂದು ಗಗನ ಕೇಳಿದಳು.

“ಈಗಲೇ ಹೇಳಕ್ಕಾಗಲ್ಲ ಪುಟ್ಟ. ನಾಳೆ ಬೆಳಿಗ್ಗೆ ಗೊತ್ತಾಗತ್ತೆ.” ಮೇಡಂ ಅಜ್ಜಿಯ ಕಡೆ ತಿರುಗಿದರು. “ಸಂಜೆ ಇನ್ನೊಂದು ಸಲ ಕೊಡಬೇಕು. ನಾನು ಇರಲ್ಲ. ನಿಮ್ಮ ಕೈಯಲ್ಲೇ ಕೊಡಿ.”

ಅಜ್ಜಿ ಮತ್ತೆ ಎರಡೂ ಕೈ ಸೆರಗಿನೊಳಗೆ ಮುಚ್ಚಿಕೊಂಡಳು.

ಸಂಪತ್ ಪುಸ್ತಕದಲ್ಲಿ ಮೊದಲು ಬರೆದದ್ದನ್ನು ಹೊಡೆದುಹಾಕಿ ಅನ್ನ ಎಂದು ಬರೆದ. ಜೀಪು ಆತಗೂರಿನ ಕಡೆ ಹೊರಟಿತು. ಅವರಿಗೆ ಅಲ್ಲಿ ಇನ್ನೂ ಒಂಬತ್ತು ಕುರಿ ಬಾಕಿ ಇದ್ದವು.

“ಬೆಳಿಗ್ಗೆನೇ ಯಾಕ್ ಏಳ್ನಿಲ್ಲ?” ಅಜ್ಜಿ ಕೇಳಿದಳು.

“ಬೈತೀಯ ಅಂತ.”

“ಬೈತಿದ್ದೆ ಕಣ್. ಬೈದು, ಆಮೇಲೆ ಸುಮ್ಕಾಯ್ತಿದ್ದೆ.”

ಅಷ್ಟು ಹೇಳಿ ಅವಳು ಕಾಫಿ ಕಾಯಿಸಲು ಒಳಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಗಗನಳಿಗೆ.

ಸಂಜೆ ಪುಟ್ಟಿ ಮೆಲುಕಾಡತೊಡಗಿತು. ಅಜ್ಜಿ ನೋಡುತ್ತ ಕೂತಳು. ಏಳಲಿಲ್ಲ. ಗಗನ ಹೋಗಿ ಪುಟ್ಟಿಯ ಕತ್ತು ಹಿಡಿದು ನಿಂತಳು.

“ಅಜ್ಜಿ, ಬಾ. ನುಂಗಿಬುಡ್ತದೆ.”

ಅಜ್ಜಿ ನೆಲಕ್ಕೆ ಕೈಯೂರಿ ಎದ್ದಳು. ಬೆರಳಿಳಿಸಿ ಹಸಿರು ಮುದ್ದೆ ಎತ್ತಿದಳು, ಬೆಳ್ಳಿಯ ನಾಲಿಗೆಯ ಹಿಂದೆ ಇಟ್ಟಳು.

ಸೋಮವಾರ ಬೆಳಿಗ್ಗೆ ಗಗನಳ ಅಮ್ಮ ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವ ಬಸ್ಸು ಹಿಡಿಯಲು ಆಗಲೇ ಹೊರಟಿದ್ದಳು. ಗಗನ ಸ್ಕೂಲ್ ಬ್ಯಾಗ್ ಹೆಗಲಿಗೇರಿಸಿಕೊಂಡು ಕೊಟ್ಟಿಗೆಗೆ ಬಂದಳು. ಅಜ್ಜಿ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಎರಡೂ ಕೈ ಮಡಿಲಲ್ಲಿ ಅಂಗಾತ ಬಿದ್ದಿದ್ದವು. ಉಗುರುಗಳ ಸಂದಿಯಲ್ಲಿ ಹಸಿರು ಒಣಗಿತ್ತು.

ಬೆಳ್ಳಿ ಕಾಲು ಮಡಚಿ ಮಲಗಿತ್ತು. ಅದರ ಗಂಟಲಲ್ಲಿ ಏನೋ ಉಂಡೆ ಕೆಳಗಿನಿಂದ ಮೇಲಕ್ಕೆ ಹರಿದಂತಾಯಿತು. ದವಡೆ ಒಮ್ಮೆ ಪಕ್ಕಕ್ಕೆ ಸರಿಯಿತು. ಮತ್ತೊಮ್ಮೆ ಸರಿಯಿತು. ಆಮೇಲೆ ನಿಲ್ಲಲೇ ಇಲ್ಲ.

ಅಜ್ಜೀ ಎಂದು ಕೂಗಲು ಗಗನ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಮುಚ್ಚಿದಳು.

ತಾನು ನಿಂತಿದ್ದದ್ದು ಅಜ್ಜಿಗೂ ಬೆಳ್ಳಿಗೂ ನಡುವೆ. ಅಜ್ಜಿ ಕಣ್ಣು ಬಿಟ್ಟಾಗ ಮೊದಲು ಬೆಳ್ಳಿಯೇ ಕಾಣಲಿ ಎಂದು, ಸದ್ದಾಗದ ಹಾಗೆ ಪಕ್ಕಕ್ಕೆ ಸರಿದು ಕೂತಳು.