ಅಮ್ಮನ ಪೂರ್ತಿ ಹೆಸರು

“ಒಂದೇ ಒಂದು ಕಾಗದಾನೂ ಇಲ್ವೇನೇ ಇಮಾಕುಲಾ? ಕರೆಂಟ್ ಬಿಲ್ಲು? ಬಾಡಿಗೆ ಚೀಟಿ? ಏನೂ ಇಲ್ವಾ?”

“ಇಲ್ಲ ಅಕ್ಕಾ.”

ಫ್ಲೋರಾಂತಿನ್ ಆಂಟಿ ಪೆನ್ನು ಕೆಳಗಿಟ್ಟರು. ಮಯಾಮಿಯ ಆ ಚರ್ಚ್ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೈಟಿಯಲ್ಲಿ ೨೦೧೦ರ ಭೂಕಂಪವಾಗಿ ಮೂರು ವಾರ. ಅದಕ್ಕೂ ಮುಂಚೆ ಅಮೆರಿಕಕ್ಕೆ ಬಂದಿದ್ದ ಹೈಟಿಯವರು ಈಗ ಅರ್ಜಿ ಹಾಕಬಹುದಿತ್ತು. ಒಪ್ಪಿಗೆ ಸಿಕ್ಕರೆ ಒಂದೂವರೆ ವರ್ಷ ಯಾರೂ ವಾಪಸ್ ಕಳಿಸುವಂತಿಲ್ಲ. ಆಂಟಿ ಬೆಳಗ್ಗಿನಿಂದ ಅರ್ಜಿ ತುಂಬಿಸಿಕೊಡುತ್ತಿದ್ದರು.

“ಭೂಕಂಪ ಆದ ಜನವರಿ ಹನ್ನೆರಡಕ್ಕೆ ಮುಂಚೆ ನೀವು ಇಲ್ಲೇ ಇದ್ರಿ ಅಂತ ತೋರಿಸ್ಬೇಕು ಕಣೇ. ಪಾಸ್‌ಪೋರ್ಟ್ ಒಂದೇ ಸಾಲಲ್ಲ, ಅದು ನೀವು ಬಂದಿದ್ದನ್ನ ಹೇಳುತ್ತೆ, ಇಲ್ಲೇ ಇದ್ದಿದ್ದನ್ನಲ್ಲ.”

ಇಮಾಕುಲಾಳ ಮಗಳು, ಹತ್ತು ವರ್ಷದ ನಡೇಜ್, ತಲೆ ತಗ್ಗಿಸಿದಳು. ಕಾಗದಗಳು ಎಲ್ಲಿ ಹೋದವೆಂದು ಅವಳಿಗೆ ಗೊತ್ತಿತ್ತು.

ವೀಸಾ ಮುಗಿದ ದಿನದಿಂದ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: “ಹೆಸರು ಸಿಕ್ಕಿದ್ರೆ ನಾವೂ ಸಿಕ್ಕಿಬಿದ್ದ ಹಾಗೇ.” ಮನೆ ಬಾಡಿಗೆ ಮಾವನ ಹೆಸರಿನಲ್ಲಿ. ಫೋನು ಪಕ್ಕದ ಮನೆಯವರ ಹೆಸರಿನಲ್ಲಿ. ಅಮ್ಮ ಬಟ್ಟೆ ಒಗೆಯುವ ಹೋಟೆಲಿನಲ್ಲಿ ಅವಳ ಹೆಸರು ರೋಜಾ. ಮನೆಗೆ ಬರುವ ಯಾವುದೇ ಕಾಗದದಲ್ಲಿ ಹೆಸರಿದ್ದರೆ ಅದು ಚೂರುಚೂರು. ಹರಿಯುವ ಕೆಲಸ ನಡೇಜ್‌ಳದ್ದು. ಜ್ವರ ಬಂದಾಗ ಡಾಕ್ಟರು ಕೊಟ್ಟ ಚೀಟಿಯನ್ನೂ ಅವಳೇ ಹರಿದು “ಜಾಣೆ!” ಎನಿಸಿಕೊಂಡಿದ್ದಳು.

“ನಾನೇ ಹರಿದುಹಾಕಿದೆ ಆಂಟಿ,” ಎಂದಳು. ಕಣ್ಣೊರೆಸಿಕೊಂಡಳು.

ಆಂಟಿ ನಕ್ಕುಬಿಟ್ಟರು. ಖುಷಿಯ ನಗುವಲ್ಲ. “ಅಳಬೇಡ ಮರೀ. ಈ ಹಾಲಲ್ಲಿ ಅರ್ಧ ಜನ ಅದನ್ನೇ ಮಾಡಿದ್ದಾರೆ. ಬಚ್ಚಿಟ್ಕೊಳ್ಳೋದ್ರಲ್ಲಿ ನಮ್ಮನ್ನ ಮೀರಿಸೋರಿಲ್ಲ! ಈಗ ನೋಡು, ನಾವು ಇಲ್ಲಿದ್ವಿ ಅಂತ ನಾವೇ ತೋರಿಸೋಕಾಗ್ತಿಲ್ಲ.”

ನಡೇಜ್‌ಗೆ ಅಜ್ಜಿ ನೆನಪಾದಳು. ಅಜ್ಜಿಯ ಮನೆ ನೆಲಸಮವಾಗಿತ್ತು. ಲೆಯೊಗಾನ್ ಊರಿನ ಮೈದಾನದಲ್ಲಿ ಅಜ್ಜಿ ಬೆಡ್‌ಶೀಟ್ ಕಟ್ಟಿಕೊಂಡು ಮಲಗುತ್ತಿದ್ದಳು. ತಮ್ಮನ್ನು ವಾಪಸ್ ಕಳಿಸಿದರೆ ಹೋಗುವುದಾದರೂ ಎಲ್ಲಿಗೆ?

“ಶಾಲೆಗೆ ಯಾವಾಗ ಸೇರಿದೆ ನೀನು?” ಆಂಟಿ ಥಟ್ಟನೆ ಕೇಳಿದರು.

“ಎರಡನೇ ಕ್ಲಾಸಿಗೆ. ಈಗ ನಾಲ್ಕನೇದು.”

“ಹಾಗಾದ್ರೆ ಅಲ್ಲಿ ನೀನು ಸೇರಿದ ಫಾರಂ ಇರುತ್ತೆ, ತಾರೀಖಿನ ಜೊತೆ ಅಮ್ಮನ ಹೆಸರೂ! ಇಮಾಕುಲಾ, ನಾಳೆ ಬೆಳಿಗ್ಗೇನೇ ಹೋಗು.”

“ಆಫೀಸಿಗಾ? ನಾನಾ?” ಅಮ್ಮ ಕುರ್ಚಿ ಹಿಂದಕ್ಕೆ ಸರಿಸಿದಳು.

ಮರುದಿನ ಶಾಲೆಗೆ ಹೋಗುವಾಗ ನಡೇಜ್ ಅರ್ಧ ದಾರಿಯಲ್ಲೇ ನಿಂತಳು. “ಅಮ್ಮಾ, ಆ ಫಾರಂನಲ್ಲೂ ರೋಜಾ ಅಂತಾನೇ ಬರ್ದಿದ್ದೀಯಾ?”

ಅಮ್ಮ ಅವಳ ಕೈ ಹಿಡಿದು ಬೇಗ ಬೇಗ ನಡೆದಳು.

ಆಫೀಸಿನ ಮಿಸ್ ಪಾಸ್‌ಪೋರ್ಟ್ ತೆಗೆದುಕೊಂಡು ಒಳಗೆ ಹೋದರು. ವಾಪಸ್ ಬರಲು ತುಂಬಾ ಹೊತ್ತಾಯಿತು. ಅಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಓಡಿಹೋಗುತ್ತಾಳೇನೋ ಎಂದು ನಡೇಜ್ ಅವಳ ಕೈ ಗಟ್ಟಿಯಾಗಿ ಹಿಡಿದಳು.

ಕೊನೆಗೆ ಮಿಸ್ ಒಂದು ಹಳದಿ ಫಾರಂನ ಕಾಪಿ ತಂದು ಮೇಜಿನ ಮೇಲಿಟ್ಟರು. ಆಗಸ್ಟ್ ೨೦೦೭. ನಡೇಜ್ ಬೆರಳಿಟ್ಟು ಓದಿದಳು. ಮನೆ ವಿಳಾಸ ಸುಳ್ಳು. ಫೋನ್ ನಂಬರ್ ಪಕ್ಕದ ಮನೆಯದು. ಅಯ್ಯೋ, ಮುಗೀತು ಅಂದುಕೊಂಡಳು.

ಕೆಳಗೆ ಇನ್ನೊಂದು ಸಾಲಿತ್ತು. ‘ಮಗುವಿಗೆ ಅಪಾಯವಾದರೆ ಯಾರನ್ನು ಕರೆಯಬೇಕು?’

ಅದರ ಮುಂದೆ ದಪ್ಪ ಅಕ್ಷರ. ಇಮಾಕುಲಾ ಮರೀ ದೆಲ್ವಾ. ತಾಯಿ. ಪಾಸ್‌ಪೋರ್ಟಿನಲ್ಲಿದ್ದ ಹಾಗೇ, ಒಂದಕ್ಷರವೂ ಬಿಡದೆ.

ನಡೇಜ್ ಬೆಚ್ಚಿ ತಲೆ ಎತ್ತಿದಳು. “ಅಮ್ಮಾ! ನಿಂಗೆ ಭಯ ಆಗ್ಲಿಲ್ವಾ?”

“ಪ್ರಾಣಾನೇ ಹೋಗೋಷ್ಟು ಆಯ್ತು,” ಅಮ್ಮ ಪಿಸುಗುಟ್ಟಿದಳು. “ಆದ್ರೆ ನಿಂಗೇನಾದ್ರೂ ಆದ್ರೆ ಯಾರನ್ನ ಕರೀಲಿ ಅಂತ ಕೇಳಿದ್ರಲ್ಲ. ಅದಕ್ಕೂ ಸುಳ್ಳು ಬರೀಲಾ?”

ಮಿಸ್ ಪೆನ್ನು ಚಾಚಿದರು. “ಕಾಪಿ ತಗೊಂಡಿದ್ದಕ್ಕೆ ಇಲ್ಲಿ ಸಹಿ ಹಾಕಿ. ಇಮಾಕುಲಾ ದೆಲ್ವಾ ನೀವೇ ತಾನೇ?”

ಹಿಂದೆ ಸಾಲಿನಲ್ಲಿ ನಾಲ್ಕು ಜನ ನಿಂತಿದ್ದರು. ಅಮ್ಮ ಒಮ್ಮೆ ಹಿಂದಿರುಗಿ ನೋಡಿದಳು.

“ಹೌದು. ನಾನೇ.”

ಅಮ್ಮ ಪೆನ್ನು ತೆಗೆದುಕೊಂಡು ಸಹಿ ಹಾಕಲು ಬಾಗಿದಳು. ಕಾಗದ ಜಾರದಂತೆ ನಡೇಜ್ ಎರಡೂ ಕೈಯಲ್ಲಿ ಅದನ್ನು ಒತ್ತಿ ಹಿಡಿದು ನಿಂತಳು.